ಕುತ್ತಿಗೆಪಟ್ಟಿಯ ಕೆಳಗೆ

ಯಾರ ಮನೆಗೆ ಹೋದರೂ, ಅಲ್ಲಿ ನಾಯಿಯಿದ್ದರೆ, ನಾನು ಮೊದಲು ನೋಡುವುದು ಅದರ ಕುತ್ತಿಗೆಯನ್ನು. ಪಟ್ಟಿ ಕಟ್ಟಿದ್ದರೆ, ‘ಇದನ್ನು ಬಿಚ್ಚಿ ನೋಡಿ ಎಷ್ಟು ದಿನವಾಯಿತು?’ ಎಂದು ಕೇಳುತ್ತೇನೆ. ಮನೆಯವರು ನಗುತ್ತಾರೆ. ಪಟ್ಟಿಗೆ ಎಷ್ಟು ಕೊಟ್ಟೆವು, ಅದರ ಊಟಕ್ಕೆ, ಔಷಧಕ್ಕೆ ತಿಂಗಳಿಗೆ ಎಷ್ಟು ಹೋಗುತ್ತದೆ ಎಂದು ಹೆಮ್ಮೆಯಿಂದ ಹೇಳತೊಡಗುತ್ತಾರೆ. ಅಷ್ಟು ಹೊತ್ತಿಗೆ ನನ್ನ ಬಾಯಿ ಒಣಗಿರುತ್ತದೆ. ನೀರು ತಂದುಕೊಟ್ಟರೆ ಲೋಟವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಾನು ಇಂಟರ್ಮೀಡಿಯೆಟ್ ಓದುತ್ತ ಸೋದರಮಾವನ ಮನೆಯಲ್ಲಿದ್ದೆ. ಮಾವ ವಕೀಲರು. ಮಕ್ಕಳಿರಲಿಲ್ಲ. ಯುದ್ಧ ಮುಗಿದು ಕಂಟೋನ್ಮೆಂಟಿನ ದೊರೆಗಳು ಒಬ್ಬೊಬ್ಬರೇ ಊರು ಬಿಡುತ್ತಿದ್ದಾಗ, ಒಬ್ಬ ಸಾಹೇಬ ತನ್ನ ನಾಯಿಮರಿಯನ್ನು ಮಾವನಿಗೆ ಕೊಟ್ಟು ಹೋಗಿದ್ದ. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಅತ್ತೆಯ ನಾಲಿಗೆಗೆ ಅದು ಹೊರಳಲಿಲ್ಲ. ಅವರು ‘ಮಗಾ’ ಎಂದು ಕರೆದರು, ಅದು ಓಡಿ ಬಂದಿತು. ಅಲ್ಲಿಗೆ ಮುಗಿಯಿತು.

ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿದ್ದ ದಿನಗಳವು. ಮನೆಯ ಕಾಫಿಗೆ ಬೆಲ್ಲ, ನಾಯಿಯ ಹಾಲಿಗೆ ಸಕ್ಕರೆ. ದಿನಕ್ಕೆ ಒಂದು ಸೇರು ಹಾಲು, ತುಪ್ಪ ಕಲಸಿದ ಅನ್ನ, ಸಂಜೆಗೆ ಬೇಕರಿಯ ಬ್ರೆಡ್ಡು. ತಿಂಗಳಿಗೊಮ್ಮೆ ದನದ ದವಾಖಾನೆಯ ಡಾಕ್ಟರು ಮನೆಗೇ ಬಂದು ನೋಡಿ ಹೋಗುತ್ತಿದ್ದರು. ಅವರಿಗೆ ಫೀಜು ಬೇರೆ, ಜಟಕಾ ಬಾಡಿಗೆ ಬೇರೆ. ಇದನ್ನೆಲ್ಲ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದ ಸಿರಿಗೇರಿಯ ಕಕ್ಷಿದಾರನೊಬ್ಬ ಒಮ್ಮೆ ಹೇಳಿದ:

“ವಕೀಲ್ರ, ನನ್ನ ಕೇಸು ಸೋತ್ರೂ ಚಿಂತಿಲ್ರಿ. ಮುಂದಿನ ಜನ್ಮಕ್ಕ ನಿಮ್ಮ ಮನಿ ನಾಯಾಗಿ ಹುಟ್ಟಾಕ ಒಂದು ಅರ್ಜಿ ಬರಕೊಡ್ರಿ.”

“ಅರ್ಜಿ ಭಾಳ ಬಂದಾವಪ್ಪ,” ಎಂದರು ಮಾವ. “ನಿನ್ನ ನಂಬರು ಕಡೀಗೆ.”

ಎಲ್ಲಕ್ಕಿಂತ ಹೆಚ್ಚಿನ ಖರ್ಚು ಕುತ್ತಿಗೆಪಟ್ಟಿಯದು. ಕುದುರೆಗಳಿಗೆ ಜೀನು ಹೊಲಿಯುತ್ತಿದ್ದ ಸಾಬರೊಬ್ಬರಿಂದ ಮಾವ ಅದನ್ನು ಹೇಳಿ ಮಾಡಿಸಿದ್ದರು. ನಾಲ್ಕು ಬೆರಳು ಅಗಲ, ಎರಡು ಪದರ ಚರ್ಮ, ಸುತ್ತಲೂ ಉಬ್ಬುಮೊಳೆಗಳಂಥ ಹಿತ್ತಾಳೆಯ ಗುಬ್ಬಿಗಳು. ಅದು ಎಷ್ಟು ಬಿರುಸಾಗಿತ್ತೆಂದರೆ ಅದರ ಕೆಳಗೆ ಬೆರಳು ತೂರಿಸುವುದೇ ಕಷ್ಟ.

“ನಾ ಒಂದು ಜೊತಿ ಓಲೆ ಕೇಳಿದ್ರ ‘ನೋಡೋಣು’ ಅಂತಾರ,” ಎಂದು ಅತ್ತೆ ನನ್ನೆದುರು ಚುಚ್ಚುತ್ತಿದ್ದರು. “ಮಗಾಗ ಪಟ್ಟಿ ಅಂದ್ರ ಅವತ್ತ ಚರ್ಮ ಬರತದ.” ಹಾಗೆನ್ನುತ್ತಲೇ ಹುಣಸೆಹಣ್ಣು ಹಚ್ಚಿ ಆ ಗುಬ್ಬಿಗಳನ್ನು ತಿಕ್ಕುತ್ತಿದ್ದವರೂ ಅವರೇ.

ಬೇಸಿಗೆ ರಜೆಯಲ್ಲಿ ಕುರುಗೋಡಿನ ದಾಯಾದಿಗಳ ಮನೆಯಲ್ಲಿ ನನ್ನ ಅಜ್ಜಿಯ ತಿಥಿ. ಪ್ರತಿವರ್ಷ ಮಾವ ಅಲ್ಲಿಯೇ ಮಾಡುತ್ತಿದ್ದರು. ಅಲ್ಲಿಂದ ಮುಂದೆ ಸಿರುಗುಪ್ಪಕ್ಕೆ ಹೋಗಿ ಗದ್ದೆ ನೋಡಿಕೊಂಡು ಬರುವುದು ವಾಡಿಕೆ. ಆ ವರ್ಷ ಬಾಡಿಗೆ ಕಾರು ಮಾಡಿದರು, ನಾಯಿಗೆ ಬಸ್ಸಿನಲ್ಲಿ ಸೆಕೆಯಾಗುತ್ತದೆ ಎಂದು. ಅತ್ತೆ ಬಳ್ಳಾರಿಯಲ್ಲೇ ಉಳಿದರು.

ಕುರುಗೋಡಿನ ಬಾವಿಯಲ್ಲಿ ನೀರು ಪಾತಾಳಕ್ಕಿಳಿದಿತ್ತು. ಬೆಳಿಗ್ಗೆ ಸ್ನಾನ ಮಾಡಿ ಮಡಿ ಉಟ್ಟ ಮೇಲೆ ನಾನು ಮರೆತು ಮೈಲಿಗೆಯ ಟವೆಲ್ಲು ಮುಟ್ಟಿದ್ದೆ. ಅದಕ್ಕಾಗಿ ಇನ್ನೊಮ್ಮೆ ಹಗ್ಗ ಎಳೆದು ಎರಡನೆಯ ಸ್ನಾನವಾಗಿತ್ತು. ಅಂಗೈಯಲ್ಲಿ ಬೊಬ್ಬೆ. ಬ್ರಾಹ್ಮಣರ ಊಟ ಮುಗಿಯಬೇಕು, ಆಮೇಲೆ ನಮ್ಮ ಎಲೆ. ಹೊತ್ತು ನೆತ್ತಿಯಿಂದ ಇಳಿದಿತ್ತು. ಹಸಿವೆಯಿಂದ ಹೊಟ್ಟೆ ಉರಿಯುತ್ತಿತ್ತು.

ಆಗ ಹಿತ್ತಲಿನಾಚೆ ಗಲಾಟೆ ಕೇಳಿಸಿತು. ಗುಡ್ಡದ ಕಡೆಯಿಂದ ಒಂದು ನರಿ ಹಾಡಹಗಲಲ್ಲಿ ಊರೊಳಕ್ಕೆ ಬಂದು ನಮ್ಮ ನಾಯಿಯ ಮೇಲೆ ಬಿದ್ದಿತ್ತು. ನಾವು ಓಡಿ ಹೋಗುವಷ್ಟರಲ್ಲಿ ಧೂಳಿನಲ್ಲಿ ಎರಡೂ ಉರುಳಾಡುತ್ತಿದ್ದವು. ಕುರಿ ಕಾಯುವ ಮುದುಕನೊಬ್ಬ ಬಡಿಗೆಯಿಂದ ಬಡಿದು ನರಿಯನ್ನು ಬಿಡಿಸಿದ. ಅದು ಓಡಲಿಲ್ಲ. ಬಾಯಿ ತೆರೆದುಕೊಂಡು, ನಮ್ಮನ್ನು ನೋಡಿಯೂ ನೋಡದ ಹಾಗೆ, ಅಡ್ಡಾದಿಡ್ಡಿ ನಡೆದು ಹೋಯಿತು.

ನಾಯಿಯ ಮೈಮೇಲೆ ಧೂಳು, ಜೊಲ್ಲು. ಎಲ್ಲಿಯೂ ರಕ್ತ ಕಾಣಲಿಲ್ಲ.

“ಪಟ್ಟಿ ಉಳಿಸಿತು ನೋಡು,” ಎಂದರು ಮಾವ. “ಅದಿರಲಿಲ್ಲಾಂದ್ರ ಕುತ್ತಿಗಿನ ಹರೀತಿತ್ತು. ಹೊಲಿಸಿದ್ದು ಸಾರ್ಥಕ ಆತು.”

ಮುದುಕ ನಗಲಿಲ್ಲ. “ಸಾಮೇರ, ಅದು ಮನಿಷೇರ್ನ ನೋಡಿ ಅಂಜಲಿಲ್ಲ. ಅದು ಚಲೋದಲ್ಲ. ಪಟ್ಟಿ ಬಿಚ್ಚಿ ಒಳಗ ನೋಡ್ರಿ.”

ಮಾವ ತಿಥಿ ಮಾಡುವ ಕರ್ತೃ. ನಾಯಿಯನ್ನು ಮುಟ್ಟುವಂತಿರಲಿಲ್ಲ. ನನ್ನ ಕಡೆ ತಿರುಗಿ, “ನಾ ಮುಟ್ಟೋ ಹಂಗಿಲ್ಲ. ನೀ ಒಂದಿಷ್ಟು ಬಿಚ್ಚಿ ನೋಡೋ,” ಎಂದು ಹೇಳಿ ಒಳಗೆ ಹೋದರು.

ಕಾಲೇಜಿನಲ್ಲಿ ಕಪ್ಪೆ ಕೊಯ್ಯುತ್ತಿದ್ದವನು ನಾನು. ನಾಯಿ ಮುಟ್ಟಿದರೆ ಆಗುವುದೇನು ಎಂದು ಗೆಳೆಯರೊಂದಿಗೆ ವಾದ ಮಾಡುತ್ತಿದ್ದವನು. ಆದರೆ ಮುಟ್ಟಿದರೆ ಮೂರನೆಯ ಸಲ ಬಾವಿಗೆ ಹೋಗಬೇಕಾಗಿತ್ತು. ಒಳಗೆ ಎಲೆ ಹಾಕುವ ಸಪ್ಪಳ ಕೇಳುತ್ತಿತ್ತು. ನೆಲದ ಮೇಲೆ ಬಿದ್ದಿದ್ದ ಬೇವಿನ ಕಡ್ಡಿಯೊಂದನ್ನು ತೆಗೆದುಕೊಂಡು ದೂರದಿಂದಲೇ ಪಟ್ಟಿಯ ಅಂಚನ್ನು ಸರಿಸಲು ನೋಡಿದೆ. ಅದು ಜರುಗಲಿಲ್ಲ. ಕಡ್ಡಿ ಮುರಿಯಿತು.

“ನೋಡಿದ್ಯೇನೋ?” ಒಳಗಿನಿಂದ ಮಾವನ ದನಿ.

“ನೋಡಿದೆ, ಮಾಮಾ. ಏನೂ ಇಲ್ಲ.”

ಮುದುಕ ಅಲ್ಲೇ ನಿಂತಿದ್ದ. ಮುರಿದ ಕಡ್ಡಿಯನ್ನು ನೋಡಿದ, ನನ್ನ ಮುಖ ನೋಡಿದ. ಕುರಿಗಳ ಹಿಂದೆ ಹೋದ.

ಸಿರುಗುಪ್ಪದಲ್ಲಿ ನಾಲ್ಕು ದಿನ ಇದ್ದೆವು. ನಾಯಿ ಕಾಲುವೆಯಲ್ಲಿ ಈಜಿತು. ರಾರಾವಿಯಿಂದ ಬಂದ ರೈತರು ಅದರ ಪಟ್ಟಿಯ ಗುಬ್ಬಿ ಎಣಿಸಿದರು. ನಾನೂ ಅವರೊಡನೆ ನಕ್ಕೆ. ಬಳ್ಳಾರಿಗೆ ಬಂದ ಮೇಲೆ ಕಾಲೇಜು ಶುರುವಾಯಿತು. ಕುರುಗೋಡಿನ ಮಾತು ನನಗೆ ಮರೆತೇಹೋಯಿತು.

ಒಂದು ತಿಂಗಳ ಮೇಲೆ ಕೆಲವು ದಿನಗಳಾಗಿರಬೇಕು. ನಾಯಿ ಹಾಲು ಬಿಟ್ಟಿತು. ಮಂಚದ ಕೆಳಗೆ ಕತ್ತಲಲ್ಲಿ ಮಲಗತೊಡಗಿತು. ಬೊಗಳಿದರೆ ದನಿ ಒಡೆದು ಬೇರೆ ಯಾವುದೋ ಪ್ರಾಣಿಯದೆನ್ನಿಸುತ್ತಿತ್ತು. ಬಾಯಿ ಪೂರ್ತಿ ಮುಚ್ಚದೆ ಜೊಲ್ಲು ಸೋರುತ್ತಿತ್ತು. ಅತ್ತೆ ಅನ್ನ ಕಲಸಿ ಬೆರಳಿನಿಂದಲೇ ಬಾಯಿಗಿಡಲು ನೋಡಿದರು. ಆ ಕೈಯಲ್ಲಿ ಈಳಿಗೆ ತಾಕಿದ ಗಾಯ ಇನ್ನೂ ಹಸಿಯಾಗಿತ್ತು. ಅದು ಬೆರಳು ನೆಕ್ಕಿತು, ನುಂಗಲಿಲ್ಲ.

ಮಾವನಿಗೆ ಒಂದೇ ಅನುಮಾನ. ಅತ್ತೆಗೆ ಕೇಳಿಸದಂತೆ ನನ್ನನ್ನು ಪಕ್ಕಕ್ಕೆ ಕರೆದರು. “ಪ್ರತಿ ಆದಿತ್ಯವಾರ ಜಟಕಾದವನ ಕೈಲೆ ಎಲುಬು ತರಿಸಿ ಹಾಕಸ್ತಿದ್ದೆ. ನಿಮ್ಮತ್ತಿಗೆ ಗೊತ್ತಿಲ್ಲ. ಒಂದು ಚೂರು ಗಂಟಲಾಗ ಸಿಕ್ಕದ.” ಎಲುಬಿನ ಪಾಪ ಅವರ ಕಣ್ಣು ಕಟ್ಟಿತ್ತು. ಮರುದಿನ ಬೆಳಿಗ್ಗೆ ನೆಲದ ಮೇಲೆ ಕೂತು, ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊಣಕೈಯ ಹತ್ತಿರದವರೆಗೆ ಕೈ ಬಾಯೊಳಗೆ ಹಾಕಿ ಹುಡುಕಿದರು. ನಾನು ದವಡೆ ಹಿಡಿದುಕೊಂಡಿದ್ದೆ. ಎಲುಬು ಸಿಗಲಿಲ್ಲ. ಕೈ ತೆಗೆದಾಗ ಬೆರಳ ಗೆಣ್ಣುಗಳ ಮೇಲೆ ಗೀರುಗಳಿದ್ದವು. ಮಾವ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಡಾಕ್ಟರನ್ನು ಕರೆತರಲು ಜಟಕಾ ಹತ್ತಿದರು.

ಅಂಗಳದ ಒಂದು ಬದಿಗೆ ಅಡಿಗೆಮನೆ, ಇನ್ನೊಂದು ಬದಿಗೆ ಕಟ್ಟಿಗೆ ಕೋಣೆ. ನಡುವೆ ನೀರು ತುಂಬಿದ ತಾಮ್ರದ ಹಂಡೆ. ನಾನು ಪಡಸಾಲೆಯ ಮೆಟ್ಟಿಲ ಮೇಲಿದ್ದೆ. ನಾಯಿ ಮಂಚದ ಕೆಳಗಿನಿಂದ ಎದ್ದು ನನ್ನ ಪಕ್ಕದಲ್ಲೇ ಹಾದು ಅಂಗಳಕ್ಕಿಳಿಯಿತು. ಹಿಂಗಾಲು ಜೋಲಿ ಹೊಡೆಯುತ್ತಿತ್ತು. ಹಂಡೆಯ ಹತ್ತಿರ ಹೋಗಿ ಮೂತಿ ಚಾಚಿತು. ನೀರು ಮುಟ್ಟುವ ಮೊದಲೇ ಅದರ ಗಂಟಲು ಸೆಟೆದು, ಯಾರೋ ಹಗ್ಗ ಹಾಕಿ ಜಗ್ಗಿದಂತೆ ಇಡೀ ಮೈ ಹಿಂದಕ್ಕೆ ಹೋಯಿತು. ಮತ್ತೆ ಚಾಚಿತು. ಮತ್ತೆ ಹಾಗೆಯೇ.

ಆಗ ಆ ನರಿಯ ನಡಿಗೆ ನನ್ನ ಕಣ್ಣ ಮುಂದೆ ಬಂತು. ಅದೇ ನಡಿಗೆ.

ಅಡಿಗೆಮನೆಯ ಬಾಗಿಲು ತೆರೆದಿತ್ತು. ಒಳಗೆ ಅತ್ತೆ ಒಗ್ಗರಣೆ ಹಾಕುತ್ತಿದ್ದರು. ದನಿ ಎತ್ತಿದರೆ ನಾಯಿ ತಿರುಗುತ್ತದೆ.

“ಅತ್ತಿ, ಹೊರಗ ಬರಬ್ಯಾಡ್ರಿ,” ಎಂದು ಮೆಲ್ಲಗೆ ಹೇಳಿದೆ.

“ಯಾಕೋ? ಮಗಾ ಒಳಗ ಬರತಾನೇನು? ಆಚಿ ಕರಕೋ. ನಾ ಮಡಿಯೊಳಗಿದ್ದೀನಿ.”

“ಬಾಗಲಾ ಹಾಕಿಕೊಳ್ರಿ ಅತ್ತಿ.”

“ಈ ಹೊಗಿಯೊಳಗ ಬಾಗಲಾ ಹಾಕಿಕೊಂಡು ಏನು ಮಾಡ್ಲಿ? ನಿನಗ ಹೊತ್ತು ಹೋಗವಲ್ತೇನು?” ಎನ್ನುತ್ತ ಅವರು ಹೊಸ್ತಿಲಿಗೇ ಬಂದರು. ಕೈಯಲ್ಲಿ ಹಾಲಿನ ಬಟ್ಟಲು. “ಎರಡು ದಿನಾತು, ಕೂಸು ಏನೂ ತಿಂದಿಲ್ಲ,” ಎಂದು ಬಗ್ಗಿ ಬಟ್ಟಲನ್ನು ಹೊಸ್ತಿಲಾಚೆ ಇಟ್ಟರು.

ನಾಯಿ ಅವರ ಕಡೆ ಹೊರಟಿತು. ಅವರ ಕೈ ಇನ್ನೂ ಬಟ್ಟಲ ಹತ್ತಿರವೇ ಇತ್ತು. ಒಂದು ಗೇಣು ಅಂತರದಲ್ಲಿ ಅದು ಬಟ್ಟಲಿನ ಅಂಚನ್ನು ಕಚ್ಚಿತು. ಹಾಲು ಕುಡಿಯಲಿಲ್ಲ, ಹಿತ್ತಾಳೆಯನ್ನೇ ಕಚ್ಚಿ ಹಿಡಿದು ಕಲ್ಲಿಗೆ ಬಡಿಯಿತು. ಆ ಸಪ್ಪಳ ಇಂದಿಗೂ ಪಾತ್ರೆ ಬಿದ್ದಾಗಲೆಲ್ಲ ನನ್ನ ಬೆನ್ನಿನಲ್ಲಿ ಏಳುತ್ತದೆ. ಅತ್ತೆ ಕೂಗಲಿಲ್ಲ. ನಿಧಾನವಾಗಿ ನೆಟ್ಟಗೆ ನಿಂತು, ಒಂದು ಹೆಜ್ಜೆ ಹಿಂದೆ ಸರಿದು, ಬಾಗಿಲು ಎಳೆದುಕೊಂಡರು. ಒಳಗಿನಿಂದ ಅಗಳಿ ಬಿದ್ದದ್ದು ಕೇಳಿತು.

ನಾಯಿ ಈಗ ನನ್ನತ್ತ ತಿರುಗಿತು. ಕಣ್ಣಲ್ಲಿ ಗುರುತಿರಲಿಲ್ಲ. ಎಷ್ಟು ಹೊತ್ತೋ ತಿಳಿಯದು, ಒಗ್ಗರಣೆ ಸೀದು ಹೋಗುವ ವಾಸನೆ ಬಂದದ್ದು ನೆನಪಿದೆ. ಕಡೆಗೆ ಅದಕ್ಕೆ ಬೆಳಕೇ ಬೇಡವಾಗಿ ಕಟ್ಟಿಗೆ ಕೋಣೆಯ ಕತ್ತಲೊಳಕ್ಕೆ ಹೋಯಿತು. ಆ ಕೋಣೆಯ ಚಿಲಕ ಹೊರಗಿತ್ತು. ಅಲ್ಲಿಯವರೆಗೆ ನಡೆಯಬೇಕಾದವನು ನಾನೊಬ್ಬನೇ. ಹತ್ತು ಹೆಜ್ಜೆ. ಬಾಗಿಲು ಹಿಡಿದಾಗ ನಾಯಿಯ ಉಸಿರು ನನ್ನ ಪಾದಕ್ಕೆ ತಾಗಿತು. ಎಳೆದು ಚಿಲಕ ಹಾಕಿದ ಮೇಲೆ ಕೈಯನ್ನು ಚಿಲಕದಿಂದ ಬಿಡಿಸಿಕೊಳ್ಳಲು ಆಗಲಿಲ್ಲ. ಮಾವ, ಡಾಕ್ಟರು ಬಂದಾಗ ಹಾಗೆಯೇ ನಿಂತಿದ್ದೆನಂತೆ.

ಡಾಕ್ಟರು ಬಾಗಿಲ ಸಂದಿಯಿಂದ ನೋಡಿದವರು ಆವತ್ತು ಫೀಜು ಮುಟ್ಟಲಿಲ್ಲ. ಮಾವನ ಗೆಣ್ಣಿನ ಗೀರುಗಳನ್ನು ನೋಡಿ, “ಇದು ಹುಚ್ಚು. ಮೊದಲು ಸಾಬೂನು ಹಚ್ಚಿ ತೊಳೀರಿ. ಆಮೇಲೆ ಎಲ್ಲಾರೂ ದೊಡ್ಡಾಸ್ಪತ್ರಿಗೆ ನಡೀರಿ,” ಎಂದರು.

ಮೂರನೆಯ ದಿನ ಕೋಣೆಯೊಳಗಿನ ಸಪ್ಪಳ ನಿಂತಿತು. ಡಾಕ್ಟರು ಕೈಗೆ ರಬ್ಬರ್ ಗವಸು ಹಾಕಿಕೊಂಡು, ಅಂಗಳದ ಬಿಸಿಲಲ್ಲಿ ಆ ಪಟ್ಟಿಯನ್ನು ಕತ್ತರಿಸಿದರು. ಎರಡು ಪದರದ ಚರ್ಮ, ಕತ್ತರಿಗೆ ಬಗ್ಗಲಿಲ್ಲ, ಚಾಕು ಬೇಕಾಯಿತು. ಕೆಳಗೆ ಕೂದಲು ಉದುರಿದ ಜಾಗದಲ್ಲಿ ಎರಡು ಹಲ್ಲಿನ ಗುರುತು. ಮಾಗಿದ ಹಳೆಯ ಗುರುತು.

ಮಾವ ನನ್ನನ್ನು ನೋಡಿದರು. “ಕುರುಗೋಡಿನಾಗ ನೀ ನೋಡಿದ್ದ್ಯಲ್ಲ?”

“ಆಗ ಕಾಣಲಿಲ್ಲ, ಮಾಮಾ.”

ಹೊಟ್ಟೆಗೆ ಹದಿನಾಲ್ಕು ಸೂಜಿ. ಮಾವ, ಅತ್ತೆ, ನಾನು, ದಿನಾ ಬೆಳಿಗ್ಗೆ ಒಂದೇ ಬೆಂಚಿನ ಮೇಲೆ. ನಾಯಿಗೆ ಅಷ್ಟು ಸುರಿದ ಮನೆಯವರಿಗೆ ಸರಕಾರದ ಔಷಧ ಪುಕ್ಕಟೆ. ಅದು ಫಲಿಸುತ್ತದೆಯೇ ಎಂದು ಮಾವ ಕೇಳಿದಾಗ ಕಂಪೌಂಡರು, “ಸಾಧಾರಣವಾಗಿ,” ಎಂದು ಹೇಳಿ ಮುಂದಿನವರನ್ನು ಕರೆದ. ಆ ಒಂದು ಮಾತನ್ನು ಮನೆಗೆ ಹೊತ್ತುಕೊಂಡು ಬಂದೆವು. ಯಾರಾದರೂ ಕೆಮ್ಮಿದರೆ ಉಳಿದಿಬ್ಬರೂ ಕೈಯಲ್ಲಿದ್ದುದನ್ನು ಬಿಟ್ಟು ನೋಡುತ್ತಿದ್ದೆವು. ಅತ್ತೆ ನೀರು ಕುಡಿಯುವಾಗ ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಆ ಗಾಯದ ಬೆರಳಿಗೆ ಅವರು ಬಿಳಿಯ ಬಟ್ಟೆ ಸುತ್ತಿಕೊಂಡಿದ್ದರು. ಮನೆಯಲ್ಲಿ ಬೇರೇನೂ ನನಗೆ ಕಾಣುತ್ತಿರಲಿಲ್ಲ.

ಹದಿನಾಲ್ಕನೆಯ ಸೂಜಿ ಮುಗಿದ ದಿನ ಅತ್ತೆ ಜಟಕಾದಲ್ಲಿ ಕೂತರು. ಮಾವ ನನ್ನನ್ನು ಆಸ್ಪತ್ರೆಯೆದುರಿನ ಅಂಗಡಿಗೆ ಕರೆದೊಯ್ದು ಎರಡು ಗೋಲಿ ಸೋಡಾ ಒಡೆಸಿದರು. ತಮ್ಮದನ್ನು ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡು, “ಮುಗೀತಪ್ಪ,” ಎಂದರು. ನಾನು ಬಾಟಲಿ ಎತ್ತಿದೆ. ಮೊದಲ ಗುಟುಕು ಗಂಟಲಲ್ಲಿ ನಿಂತಿತು. ಹೊರಗೆ ಚೆಲ್ಲಿತು.

ಮಾವನ ಮುಖ ಬಿಳಿಚಿತು. “ಯಾಕೋ? ನುಂಗಲಿಕ್ಕೆ ಬರವಲ್ತೇನು?”

ರೋಗವಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಅವರಿಗೆ ತಿಳಿಸಲು ಇದ್ದದ್ದು ಒಂದೇ ದಾರಿ.

“ನಾ ಬಿಚ್ಚಿ ನೋಡಿರಲಿಲ್ಲ, ಮಾಮಾ. ಕಡ್ಡೀಲೆ ಸರಿಸಿದೆ. ಸರೀಲಿಲ್ಲ. ಮುಟ್ಟಿದ್ರ ಮತ್ತ ಸ್ನಾನ ಮಾಡಬೇಕಿತ್ತು. ಎಲಿ ಹಾಕಿದ್ರು.”

ಅವರು ತಮ್ಮ ಗೆಣ್ಣುಗಳನ್ನು ನೋಡಿಕೊಂಡರು. ಆಮೇಲೆ ಜಟಕಾದಲ್ಲಿ ಬಿಸಿಲಿಗೆ ಸೆರಗು ಹೊದ್ದು ಕೂತಿದ್ದ ಅತ್ತೆಯನ್ನು ನೋಡಿದರು.

“ಗಂಟಲಾ ನೋಯ್ತದೇನು?”

“ಇಲ್ಲ.”

“ಹಂಗಾರ ಕುಡಿ.”

ಕುಡಿದೆ. ಮಾವ ಅತ್ತೆಗೆ ಹೇಳಿದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮಾವ ಒಂದು ತಂಬಿಗೆ ನೀರು ಹಿಡಿದು ಎದುರಿಗೆ ನಿಂತಿದ್ದರು. “ಕುಡಿ. ನಾ ನೋಡತೀನಿ.” ನಾನು ಕುಡಿದೆ. ಅದೇ ತಂಬಿಗೆಯಿಂದ ಎತ್ತಿ ತಾವೂ ಕುಡಿದರು, ನನ್ನನ್ನು ನೋಡುತ್ತಲೇ. ಆ ಮಳೆಗಾಲವೆಲ್ಲ, ಚಳಿಗಾಲವೆಲ್ಲ ಹಾಗೆಯೇ ನಡೆಯಿತು. ಅದು ಶಿಕ್ಷೆಯೋ, ಕಾವಲೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಒಂದು ದಿನ ಕೋರ್ಟಿಗೆ ಹೊತ್ತಾಗಿತ್ತು. ಮಾವ ತಂಬಿಗೆಯನ್ನು ನನ್ನ ಹಾಸಿಗೆಯ ಪಕ್ಕದಲ್ಲಿಟ್ಟು, ನೋಡದೆ ಹೊರಟುಹೋದರು. ಸಂಜೆ ಅವರು ತಿರುಗಿ ಬಂದು ಎದುರಿಗೆ ಕೂರುವವರೆಗೂ ನಾನು ಆ ನೀರನ್ನು ಮುಟ್ಟಲಿಲ್ಲ.