ಕಟ್ಟುತ್ತಿರುವ ವಿಮಾನಕ್ಕೊಂದು ವಿಮೆ

ನಾನು ವಿಮೆ ಏಜೆಂಟ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಡವಾಗಿ ತಿಳಿದರೆ ಜನ ಮೋಸಹೋದೆವು ಅಂದುಕೊಳ್ಳುತ್ತಾರೆ. ಗಂಗೊಳ್ಳಿಯಲ್ಲಿ ಮೀನುದೋಣಿಗಳು ನಿಲ್ಲುವ ದಕ್ಕೆಯಲ್ಲಿ ನಾನು ನಡೆದು ಬರುವುದು ಕಂಡರೆ ಬಲೆ ಸರಿಮಾಡುತ್ತಾ ಕೂತವರಿಗೂ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಗುತ್ತದೆ. ಅವರ ತಪ್ಪಿಲ್ಲ ಬಿಡಿ. ನಿಮ್ಮ ದೋಣಿ ಮುಳುಗುವುದನ್ನು, ಅಂಗಡಿ ಸುಡುವುದನ್ನು, ಕೊನೆಗೆ ನೀವೇ ಸಾಯುವುದನ್ನು ನಗುನಗುತ್ತಾ ವಿವರಿಸುವ ಮನುಷ್ಯನನ್ನು ಯಾರು ತಾನೇ ಕರೆದು ಕೂರಿಸುತ್ತಾರೆ?

ಅದರ ಮೇಲೆ ನಾನು ಓಡಾಡುವ ಕಡೆ ಇನ್ನೊಂದು ತೊಡಕು. ದೋಣಿ ಕಟ್ಟುತ್ತಿರುವಾಗ ಅದರ ಎದುರು ನಿಂತು ಕೇಡಿನ ಮಾತಾಡುವಂತಿಲ್ಲ. ನೀರಿಗಿಳಿಯುವ ತನಕ ಅದು ಬಸುರಿ ಇದ್ದ ಹಾಗೆ. ‘ಒಡೆದರೆ’, ‘ಮುಳುಗಿದರೆ’ ಎಂದವನನ್ನು ಹಿರಿಯರು ಶೆಡ್ಡಿನಿಂದ ಆಚೆ ಕಳಿಸುತ್ತಾರೆ. ವಿಮೆಯ ಅರ್ಜಿಯಲ್ಲೋ ಇರುವುದೆಲ್ಲ ಆ ಎರಡು ಮಾತೇ. ಹಾಗಾಗಿ ನಾನೊಂದು ಉಪಾಯ ಕಲಿತೆ. ಖಾಲಿ ಅರ್ಜಿಗೆ ಸಹಿ ಹಾಕಿಸಿಕೊಂಡು, ಹವಾಮಾನ, ಮೀನಿನ ರೇಟು ಮಾತಾಡಿ, ಕೇಡಿನ ಪ್ರಶ್ನೆಗಳಿಗೆಲ್ಲ ಮನೆಯಲ್ಲಿ ಕೂತು ನಾನೇ ಉತ್ತರ ಬರೆಯುವುದು. ದೋಣಿಗಳೆಲ್ಲ ಒಂದೇ ಥರ, ಅವುಗಳ ಕೇಡೂ ಒಂದೇ ಥರ, ಉತ್ತರ ಬಾಯಿಪಾಠವಾಗಿತ್ತು. ವಿಮೆ ಎನ್ನುವುದು ಹುಟ್ಟಿದ್ದೇ ಸಮುದ್ರ ವ್ಯಾಪಾರಿಗಳ ಹೆದರಿಕೆಯಿಂದ ಎಂದು ಎಲ್ಲೋ ಓದಿದ್ದೆ. ಆ ಹೆದರಿಕೆಯನ್ನೇ ತೆಗೆದು ಬರೀ ವಿಮೆ ಮಾರುತ್ತೇನಲ್ಲ ಎಂದು ನನಗೆ ಒಳಗೊಳಗೇ ಜಂಬವಿತ್ತು.

ಮಂಜುನಾಥ ನನ್ನ ಶಾಲೆಯ ಗೆಳೆಯ. ಬಿಜೂರಿನಲ್ಲಿ ತೆಂಗಿನ ತೋಟದ ಅಂಚಿನ ಶೆಡ್ಡಿನಲ್ಲಿ ಫೈಬರ್ ದೋಣಿ ಮಾಡುತ್ತಿದ್ದವನು. ಒಂದು ದಿನ ಇದ್ದಕ್ಕಿದ್ದಂತೆ, ಇಬ್ಬರು ಕೂರುವಂಥ ವಿಮಾನ ಕಟ್ಟುತ್ತೇನೆ ಅಂದ. ಊರು ಮೊದಲು ನಕ್ಕಿತು, ಆಮೇಲೆ ಮರೆತೇಬಿಟ್ಟಿತು. ನಾನೂ ನಕ್ಕಿದ್ದೆ. ಅವನು ಮಾತ್ರ ದೆಹಲಿಯ ವಿಮಾನಯಾನ ಕಚೇರಿಗೆ ಕಾಗದ ಬರೆದು, ಅನುಮತಿ ತರಿಸಿ, ದೋಣಿಯ ಕೆಲಸ ಮುಗಿದ ಹೊತ್ತಿನಲ್ಲಿ ಏಳು ವರ್ಷ ಕೂತು ಒಂದೊಂದೇ ಭಾಗ ಮಾಡಿದ. ಎಡಗಡೆಯ ರೆಕ್ಕೆಯೊಂದನ್ನೇ ಒಂದು ಮಳೆಗಾಲವಿಡೀ ಉಜ್ಜುತ್ತಿದ್ದ. ಒಂದು ಬೆಳಿಗ್ಗೆ ನನ್ನ ಮನೆಗೆ ಬಂದು, ಇದಕ್ಕೊಂದು ವಿಮೆ ಮಾಡಿಸು, ಹಾರುವುದಕ್ಕಲ್ಲ, ಶೆಡ್ಡಿನಲ್ಲಿರುವಷ್ಟು ದಿನಕ್ಕೆ ಅಂದ. ನನ್ನ ಇಡೀ ವೃತ್ತಿಯಲ್ಲಿ ತಾನಾಗಿ ಮನೆಬಾಗಿಲಿಗೆ ಬಂದು ವಿಮೆ ಕೇಳಿದವನು ಅವನೊಬ್ಬನೇ. ಯಾಕೆ ಎಂದು ನಾನು ಕೇಳಬೇಕಿತ್ತು.

ನಮ್ಮ ಆಫೀಸಿನ ಅರ್ಜಿಗಳಲ್ಲಿ ಅಂಥದ್ದಕ್ಕೆ ಜಾಗವಿರಲಿಲ್ಲ. ವಾಹನ ಅನ್ನೋಣವೆಂದರೆ ನಂಬರಿಲ್ಲ, ಕಟ್ಟಡ ಅನ್ನೋಣವೆಂದರೆ ರೆಕ್ಕೆಯಿದೆ. ಮೇಲಿನವರಿಗೆ ಬರೆದರೆ ನೂರು ಪ್ರಶ್ನೆ ಬರುತ್ತದೆ. ಯಾವ ಭಾಗ ಮೊದಲು ಮುರಿಯಬಹುದು, ಬೆಂಕಿ ಬಿದ್ದರೆ ಎಷ್ಟು ಉಳಿಯಬಹುದು ಎಂದು ಅವನ ಎದುರೇ ಕೂತು ಕೇಳಬೇಕು. ಶೆಡ್ಡಿಗೆ ಹೋದಾಗ ಆ ರೆಕ್ಕೆಯನ್ನು ಅವನು ಸವರುವುದನ್ನು ಕಂಡ ನನಗೆ ನಾಲಗೆ ಏಳಲಿಲ್ಲ. ಎಂದಿನಂತೆ ಸಹಿ ಹಾಕಿಸಿಕೊಂಡು ಬಂದು, ‘ನಿರ್ಮಾಣ ಹಂತದಲ್ಲಿರುವ ಫೈಬರ್ ದೋಣಿ’ ಎಂದು ಬರೆದೆ. ಅದೇ ಶೆಡ್ಡು, ಅದೇ ರಾಳ, ಅದೇ ಕೈ. ಹಾರುವ ತನಕ ಅದಕ್ಕೂ ದೋಣಿಗೂ ಏನು ಮಹಾ ವ್ಯತ್ಯಾಸ ಎಂದು ಸಮಾಧಾನ ಮಾಡಿಕೊಂಡೆ. ಪಾಲಿಸಿ ಬಂತು. ನಾನು ಕೊಟ್ಟದ್ದೆಂಬ ಒಂದೇ ನಂಬಿಕೆಯಿಂದ ಅವನು ಅದನ್ನು ಓದದೆ ಟ್ರಂಕಿನಲ್ಲಿಟ್ಟ.

ಮೇ ತಿಂಗಳ ಒಂದು ಮಧ್ಯಾಹ್ನ ಮಳೆಗೆ ಮುಂಚಿನ ಗಾಳಿ ಎದ್ದಿತು. ತೆಂಗಿನ ಮರ ಶೆಡ್ಡಿನ ಮೇಲೆ ಬಿತ್ತು, ಶೆಡ್ಡಿನ ಮಾಡು ಎಡಗಡೆಯ ರೆಕ್ಕೆಯ ಮೇಲೆ ಬಿತ್ತು. ಪರಿಶೀಲನೆಗೆ ಬಂದ ಸರ್ವೇಯರ್ ಕಾಗದ ಹಿಡಿದುಕೊಂಡು ಶೆಡ್ಡೆಲ್ಲ ಸುತ್ತಿ, ದೋಣಿ ಎಲ್ಲಿ ಎಂದು ಕೇಳಿದರು. ಮಂಜುನಾಥನಿಗೇನು ಗೊತ್ತು? ದೋಣಿಗಳನ್ನೆಲ್ಲ ಆಗಲೇ ಗಂಗೊಳ್ಳಿಗೆ ಕಳಿಸಿಯಾಯಿತು ಎಂದು ಪ್ರಾಮಾಣಿಕವಾಗಿ ಉತ್ತರಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಅಲ್ಲೇ ಏನನ್ನೋ ಗೀಚಿಕೊಂಡು ಹೊರಟರು. ಪರಿಹಾರವಿಲ್ಲ ಎಂಬ ಕಾಗದ ತಿಂಗಳೊಳಗೇ ಬಂತು, ನಮ್ಮ ಆಫೀಸಿನ ಯಾವ ಕೆಲಸವೂ ಅಷ್ಟು ಬೇಗ ಆದದ್ದು ನಾನು ಕಾಣೆ.

ತಪ್ಪೊಪ್ಪಿಕೊಳ್ಳಲು ಹೋದಾಗ ಅವನು ಮುರಿದ ರೆಕ್ಕೆಯ ಚೂರುಗಳನ್ನು ಬೇರ್ಪಡಿಸುತ್ತಿದ್ದ. ಎಲ್ಲ ಹೇಳಿದೆ. ಕೇಡಿನ ಪ್ರಶ್ನೆ ಕೇಳಿ ನಿನ್ನ ಮನಸ್ಸು ನೋಯಿಸಬಾರದು ಅಂತಿದ್ದೆ ಎಂದೂ ಹೇಳಿದೆ. ಬೈಯುತ್ತಾನೆಂದು ಕಾದೆ. ಅವನು ಕೈ ಒರೆಸಿಕೊಂಡು ಒಳಗಿನಿಂದ ಒಂದು ದಪ್ಪ ನೋಟ್‌ಬುಕ್ ತಂದು ನನ್ನ ಮಡಿಲಿಗಿಟ್ಟ.

“ಬೀಳುದ್ ಹ್ಯಾಂಗೆ ಅಂದೇಳಿ ಎಣ್ಸದೆ ವಿಮಾನ ಕಟ್ಟುಕ್ ಆತ್ತಾ ಮಾರಾಯ?” ಅಂದ. “ನೀ ಒಂದ್ ಮಾತ್ ಕೇಂಡಿದ್ರೆ ನಾ ಎಲ್ಲ ಹೇಳ್ತಿದ್ದೆ.”

ಏಳು ವರ್ಷದ ಹೆದರಿಕೆಯೆಲ್ಲ ಅದರಲ್ಲಿತ್ತು. ಯಾವ ಬೆಸುಗೆ ಹೇಗೆ ಬಿಡಬಹುದು, ಇಲಿ ಎಲ್ಲಿ ಕಡಿಯಬಹುದು, ರಾಳಕ್ಕೆ ಕಿಡಿ ಎಲ್ಲಿಂದ ಬರಬಹುದು. ಕೊನೆಕೊನೆಯ ಒಂದು ಪುಟದಲ್ಲಿ ನೆರೆಯವರ ತೆಂಗಿನ ಮರದ ಚಿತ್ರವೇ ಇತ್ತು: ವಾಲಿದೆ, ಬಿದ್ದರೆ ಎಡ ರೆಕ್ಕೆಗೆ, ಕಡಿಸಲು ಅವರು ಒಪ್ಪಲಿಲ್ಲ. ಕೆಳಗೆ, ಅವನು ನನ್ನ ಮನೆಗೆ ಬಂದಿದ್ದ ದಿನದ ತಾರೀಕು. ನನಗೆ ಅಳು ಬಂತು, ನಾಚಿಕೆಯೂ ಆಯಿತು. ನಾಚಿಕೆಯೇ ಹೆಚ್ಚು.

ಈಗ ಹೊಸ ರೆಕ್ಕೆ ಶುರುವಾಗಿದೆ. ಕಳೆದ ವಾರ ಅತ್ತ ಹೋದಾಗ ಬ್ರಹ್ಮಾವರದ ಬೇರೊಬ್ಬ ಏಜೆಂಟ್ ಬಂದಿದ್ದರು, ಗಟ್ಟಿ ಗಂಟಲಿನ ಹೆಂಗಸು. ಕನ್ನಡಕ ಮೂಗಿಗೇರಿಸಿಕೊಂಡು, ಯಾವ ದಾಕ್ಷಿಣ್ಯವೂ ಇಲ್ಲದೆ, ಸುಟ್ಟರೆ ಎಂತ, ಮುರಿದರೆ ಎಂತ ಎಂದು ಒಂದರ ಮೇಲೊಂದು ಕೇಳುತ್ತಿದ್ದರು. ಮಂಜುನಾಥ ಪುಟ ತಿರುವುತ್ತಾ, ಕೈಯಾಡಿಸುತ್ತಾ, ಮುಖವರಳಿಸಿಕೊಂಡು ಹೇಳುತ್ತಲೇ ಇದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನು ಶಾಲೆಯ ದಿನಗಳಲ್ಲೂ ಕಂಡಿರಲಿಲ್ಲ. ನೋಯಿಸದಿರುವುದೇ ಸ್ನೇಹ ಎಂದು ನಾನು ತಿಳಿದಿದ್ದೆ. ಅವನಿಗೆ ಬೇಕಾದದ್ದು ಜೊತೆಗೆ ಕೂತು ಒಂದಿಷ್ಟು ಹೆದರುವವರು. ಒಳಗೆ ಹೋಗಲು ಮನಸ್ಸಾಗದೆ, ಅವರ ಪ್ರಶ್ನೆಗಳು ಮುಗಿಯುವ ತನಕ ನಾನು ಹೊರಗೇ ನಿಂತಿದ್ದೆ.