ನನ್ನ ತೂಕದ ಸ್ನೋಮೊಬೈಲ್

ಗೆಳೆಯರೇ, ಇವತ್ತು ಬಹರೈನ್‌ನ ಹಿದ್ ಊರಿನ ನಮ್ಮ ಗ್ಯಾರೇಜಿನಲ್ಲಿ ಗಿರಾಕಿಯ ಡ್ರೈವರ್ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಒಂದನ್ನು ಇಳಿಸಿಹೋದ. ಅದಕ್ಕೆ ಹೊಸ ಶಾಕ್ ಅಬ್ಸಾರ್ಬರ್ ಬೇಕಂತೆ.

"ಮೊದಲು ನಮ್ಮ ಕೆಲಸಗಾರರ ವ್ಯಾನಿಗೆ ಹಾಕಿ. ದಿನಾ ಬೆನ್ನು ಮುರೀತದೆ," ಎಂದು ಮಾಲೀಕ ಹಮೀದಾಕನ ಎದುರು ನಿಂತೆ.

"ಭಾಷಣ ಇದರ ಮೇಲೆ ಕೂತು ಮಾಡು ಮಾರಾಯ. ಸವಾರನ ಭಾರ ನೋಡಿ ಸ್ಪ್ರಿಂಗ್ ಬಿಗಿ ಮಾಡ್ಬೇಕು. ಗಿರಾಕಿಯೂ ನಿನ್ನಷ್ಟೇ ಇರ್ಬಹುದು."

ನಾನು ಅದರ ಮೇಲೆ ಕೂತು ಶೋಷಣೆಯ ಬಗ್ಗೆ ಹೇಳಿ ಮುಗಿಸುವಷ್ಟರಲ್ಲಿ ಅವರ ಕೆಲಸವೂ ಮುಗಿದಿತ್ತು.

ಸಂಜೆ ಗಿರಾಕಿ ಬಂದ. ನನ್ನ ಎರಡರಷ್ಟಿದ್ದ. ಕೂತ ಕೂಡಲೇ ಬಂಡಿಯ ಹೊಟ್ಟೆ ನೆಲಕ್ಕೆ ತಾಗಿತು.

"ನಾಳೆ ಪೂರಾ ಬಿಚ್ಚಬೇಕು. ವ್ಯಾನ್ ಮತ್ತೆ ನೋಡುವ," ಎಂದರು ಹಮೀದಾಕ.

ಅಂತೂ ಬಹರೈನ್‌ನಲ್ಲಿ ಕಾರ್ಮಿಕನ ಅಳತೆಗೆ ಸರಿಯಾದ ವಾಹನವೊಂದು ನಾಳೆಯವರೆಗೆ ಇದೆ. ಹಿಮ ಬೀಳುವುದಷ್ಟೇ ಬಾಕಿ.