ಬಾಗಿಲಿಗೊಂದು ಬೆಂಡೆಕಾಯಿ

ಹಾಲಾಡಿಯ ಬಡಗಿ ವಾಸು ಆಚಾರಿ ಮಡಚುವ ಬಾಗಿಲು ಕೂರಿಸಿದ ಮೇಲೆ ಚಾ ಕೇಳುವವನಲ್ಲ, ಬೆಂಡೆಕಾಯಿ ಕೇಳುವವನು. ನಕ್ಕವರ ಮನೆಗೆ ಎರಡನೇ ಸಲ ಹೋದವನಲ್ಲ. ಮನೆಯ ಅತಿ ಸಣ್ಣ ಮಗುವಿನ ಬೆರಳಿನಷ್ಟೇ ದಪ್ಪದ ಕಾಯಿ ಆರಿಸಿ, ಮಡಿಕೆಯ ಸಂದಿಗಿಟ್ಟು, ಬಾಗಿಲನ್ನು ರಪ್ಪನೆ ಎಳೆಯುತ್ತಿದ್ದ. ಕಾಯಿ ಜಜ್ಜಿಹೋದರೆ ಬಾಗಿಲು ಬಿಚ್ಚಿ, ಸಂದಿ ಮುಚ್ಚುವಂತೆ ಇನ್ನೊಂದು ರಬ್ಬರ್ ಪಟ್ಟಿ ಹೊಡೆಯುತ್ತಿದ್ದ.

2011ರಲ್ಲಿ ಕಿರಿಮಂಜೇಶ್ವರದ ವಿನಯಾಳ ಮನೆಯಲ್ಲಿ, ಅವಳ ಮೂರು ವರ್ಷದ ಮಗಳು ಮೋಕ್ಷಿತಾಳ ಬೆರಳಿಗೆ ಸಮನಾದ ಕಾಯಿ ಏನೂ ಆಗದೆ ಉಳಿಯಿತು.

"ಆಯ್ತಲ್ದಾ ಆಚಾರ್ರೇ? ಅದ್ನ ಕೊಡಿ, ಸಾರಿಗೆ ಹಾಕ್ತೆ," ಎಂದು ವಿನಯಾ ಕೈ ಚಾಚಿದಳು.

ಆಚಾರಿ ಅವಳ ಏಳು ತಿಂಗಳ ಹೊಟ್ಟೆ ನೋಡಿದ. ಚೀಲಕ್ಕೆ ಹಾಕಿದ್ದ ಸ್ಕ್ರೂಡ್ರೈವರ್ ಮತ್ತೆ ಹೊರಗೆ ತೆಗೆದ.

"ಅಲ್ಸಂಡಿ ಕೋಡು ಇತ್ತಾ? ಬೆಂಡೆಗಿಂತ ಸಪೂರದ್ದು."